ಕೆಂಟಕಿಯ ಗುಡ್ಡದಲ್ಲಿ ಒಂದು ವಾರದ ಶ್ರಮದಾನ

ಅಮೆರಿಕದಲ್ಲಿ ಜೂನ್ ಬಂತು ಅಂದರೆ ಚರ್ಚ್‌ಗಳ ಮುಂದೆ ದೊಡ್ಡ ದೊಡ್ಡ ವ್ಯಾನುಗಳು ಬಂದು ನಿಲ್ಲುತ್ತವೆ. ಹೈಸ್ಕೂಲಿನ ಮಕ್ಕಳು ಸ್ಲೀಪಿಂಗ್ ಬ್ಯಾಗು, ಸುತ್ತಿಗೆ, ಅಳತೆ ಟೇಪು ತುಂಬಿಕೊಂಡು ಬಡವರ ಮನೆ ರಿಪೇರಿಗೆ ಹೊರಡುತ್ತಾರೆ. ವಾರ ಬಿಟ್ಟು ಮೈಯೆಲ್ಲ ಮಣ್ಣು ಮಾಡಿಕೊಂಡು ವಾಪಸ್ ಬರುತ್ತಾರೆ. ಓಹಾಯೋದ ಕೊಲಂಬಸ್‌ಗೆ ಬಂದ ಮೇಲೆ ಎಷ್ಟೋ ಬೇಸಿಗೆ ಇದನ್ನು ದೂರದಿಂದ ನೋಡಿ ಸುಮ್ಮನಾಗಿದ್ದೆವು. ಹೋದ ಬೇಸಿಗೆಯಲ್ಲಿ ನಮ್ಮ ಮಗನೂ ಆ ವ್ಯಾನ್ ಹತ್ತಿದ. ಅವನ ಹಿಂದೆ ನಾನೂ ಹತ್ತಿದೆ.

ಮಗನ ಗೆಳೆಯನ ಮನೆಯವರು ಮೆಥಡಿಸ್ಟ್ ಚರ್ಚ್‌ಗೆ ಹೋಗುವವರು. ಅವರ ಯೂತ್ ಗ್ರೂಪಿನಲ್ಲಿ ಜನ ಕಡಿಮೆ ಬಿದ್ದಿದ್ದರು, ಇವನನ್ನು ಕರೆದರು. ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತಿರುತ್ತೆ. ತೀರ್ಥಹಳ್ಳಿಯಿಂದ ಅತ್ತೆ ಫೋನಿನಲ್ಲೇ ಕೇಳಿದರು, "ಮತಾಂತರ ಗಿತಾಂತರ ಮಾಡ್ತಾರೇನೇ?" ನಾನು ಗ್ರೂಪ್ ನೋಡಿಕೊಳ್ಳುವ ಮೇಡಂ ಹತ್ತಿರ ನೇರವಾಗಿಯೇ ಕೇಳಿದೆ. ಸಂಜೆ ಪ್ರಾರ್ಥನೆ ಇರುತ್ತದೆ, ಇಷ್ಟವಿದ್ದರೆ ಸೇರಲಿ, ಇಲ್ಲದಿದ್ದರೆ ಸುಮ್ನೆ ಕೂತಿರಲಿ ಅಂದರು. ಆಮೇಲೆ ನನ್ನನ್ನೇ ಕೇಳಿದರು, ವ್ಯಾನ್ ಓಡಿಸ್ತೀರಾ, ದೊಡ್ಡವರು ಸಾಕಾಗ್ತಿಲ್ಲ ಅಂತ.

ಹೊರಡುವ ಮೊದಲು ಫಾರಂಗಳ ರಾಶಿ. ಮಕ್ಕಳ ಜೊತೆ ಬರುವ ದೊಡ್ಡವರ ಮೇಲೆ ಪೊಲೀಸ್ ಕೇಸು ಇದೆಯಾ ಅಂತ ಹುಡುಕುತ್ತಾರೆ. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಬಾರದು ಅನ್ನುವುದು ಕಟ್ಟುನಿಟ್ಟು. ಎಲ್ಲರಿಗೂ ಟಿ.ಟಿ. ಇಂಜೆಕ್ಷನ್ ಆಗಿರಬೇಕು. ದುಡ್ಡು ಕೂಡಿಸಲು ಮಕ್ಕಳು ಚರ್ಚ್‌ನ ಪಾರ್ಕಿಂಗಿನಲ್ಲಿ ಕಾರು ತೊಳೆದರು. ಕೇಕು ಬೇಯಿಸಿ ಮಾರಿದರು. ನಾನು ಮಾಡಿಕೊಟ್ಟ ಚಕ್ಕುಲಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು ಅನ್ನುವುದನ್ನು ಇಲ್ಲಿ ಹೇಳಿಯೇ ಬಿಡುತ್ತೇನೆ.

ನಾವು ಹೋಗಿದ್ದು ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆಯ ಮೂಲಕ. ಅಪಲಾಚಿಯಾ ಅಂದರೆ ಅಮೆರಿಕದ ಪೂರ್ವ ಭಾಗದ ಗುಡ್ಡಗಾಡು ಸೀಮೆ. ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1969ರಲ್ಲಿ ಕೆಂಟಕಿಯ ಬಾರ್ಬರ್‌ವಿಲ್ ಎಂಬ ಊರಿನಲ್ಲಿ ಇದನ್ನು ಶುರುಮಾಡಿದರು. ಬಡವರ ಮನೆ ಬೆಚ್ಚಗಿರಬೇಕು, ಅಪಾಯವಿಲ್ಲದೆ ಇರಬೇಕು, ಸೋರಬಾರದು. ಇಷ್ಟೇ ಅವರ ಗುರಿ. ಈಗ ಅಕ್ಕಪಕ್ಕದ ಗುಡ್ಡಗಾಡು ರಾಜ್ಯಗಳಲ್ಲೂ ಕೆಲಸ ನಡೆಯುತ್ತದೆ.

1969 ಅಂದಾಗ ನನಗೆ ನಮ್ಮ ಎನ್ನೆಸ್ಸೆಸ್ ನೆನಪಾಯಿತು. ಅದು ಶುರುವಾಗಿದ್ದೂ ಅದೇ ವರ್ಷ ಸೆಪ್ಟೆಂಬರ್ 24ಕ್ಕೆ, ಗಾಂಧಿ ಶತಮಾನೋತ್ಸವದ ಹೊತ್ತಿನಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರದ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ ಮತ್ತು ಅರ್ಥಶಾಸ್ತ್ರದ ಸಂಶೋಧನಾ ಸಂಸ್ಥೆ ಕಟ್ಟಿದವರೂ ಅವರೇ. ಕಾಲೇಜಿನಲ್ಲಿದ್ದಾಗ ನಾನೂ ಕ್ಯಾಂಪಿಗೆ ಹೋಗಿದ್ದೆ. ಹಳ್ಳಿ ಶಾಲೆಯ ನೆಲದ ಮೇಲೆ ಜಮಖಾನ, ಬೆಳಿಗ್ಗೆ ಉಪ್ಪಿಟ್ಟು, ಆಮೇಲೆ ಚರಂಡಿ ಕೆಲಸ, ರಾತ್ರಿ ಅಂತ್ಯಾಕ್ಷರಿ. ಇಲ್ಲೂ ಮಲಗಿದ್ದು ಶಾಲೆಯ ನೆಲದ ಮೇಲೇ. ವ್ಯತ್ಯಾಸ ಒಂದೇ. ಅಲ್ಲಿ ಊರಿನ ಯಜಮಾನರು ತೋರಿಸಿದ ಚರಂಡಿ ತೋಡಿ ಬಂದೆವು, ಯಾರ ಮನೆಯೊಳಗೂ ಕಾಲಿಡಲಿಲ್ಲ. ಇಲ್ಲಿ ಐದಾರು ಮಕ್ಕಳಿಗೂ ಇಬ್ಬರು ದೊಡ್ಡವರಿಗೂ ಒಂದು ಮನೆ ಕೊಡುತ್ತಾರೆ. ವಾರಪೂರ್ತಿ ಆ ಮನೆಯವರ ಜೊತೆಯೇ ಇರಬೇಕು. ಮಧ್ಯಾಹ್ನದ ಊಟಕ್ಕೂ ಅವರ ಜೊತೆಯೇ ಕೂರಬೇಕು.

ಕೊಲಂಬಸ್‌ನಿಂದ 23ನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಓಹಾಯೋ ನದಿ ದಾಟುವ ಮೊದಲೇ ಗುಡ್ಡಗಳು ಶುರು. ಹಸಿರು, ತಿರುವು, ಮಂಜು. ಆಗುಂಬೆ ಕಡೆಯವರಿಗೆ ಮನೆಗೆ ಬಂದ ಹಾಗೇ ಆಗುತ್ತದೆ. ಈ ರಸ್ತೆಗೆ ಒಂದು ಕಥೆಯಿದೆ. ಕಲ್ಲಿದ್ದಲು ಗಣಿಗಳಲ್ಲಿ ಯಂತ್ರಗಳು ಬಂದು ಕೂಲಿ ಹೋದಾಗ ಇಲ್ಲಿನ ಜನ ಇದೇ ದಾರಿಯಲ್ಲಿ ಓಹಾಯೋದ ಕಾರ್ಖಾನೆಗಳಿಗೆ ಗುಳೆ ಹೋದರು. ನಮ್ಮ ಜೊತೆ ಬಂದಿದ್ದ ರಿಟೈರ್ಡ್ ಮೇಷ್ಟ್ರ ಅಜ್ಜ ಅಜ್ಜಿ ಹಾಗೆ ಬಂದವರೇ. ಅವರಿಗೆ ಇದು ಸೇವೆ ಅನ್ನುವುದಕ್ಕಿಂತ ಅಜ್ಜನ ಊರಿಗೆ ಹೋಗುವುದಾಗಿತ್ತು. ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಂದ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವವರು ಎಷ್ಟು ಜನ!

ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಏಪ್ರಿಲ್‌ನಲ್ಲಿ ಇದೇ ಸೀಮೆಯ ಐನೆಜ್ ಎಂಬ ಊರಿಗೆ ಬಂದು, ಒಂದು ಬಡವರ ಮನೆಯ ಜಗಲಿಯಲ್ಲಿ ಕೂತು ಮಾತಾಡಿಸಿದ್ದರು. ಬಡತನದ ಮೇಲೆ ಯುದ್ಧ ಅಂತ ಅವರು ಸಾರಿದ್ದ ಕಾಲ ಅದು. ಅರವತ್ತು ವರ್ಷದ ಮೇಲೂ ಸೋರುವ ಮನೆಗಳಿವೆ. 2022ರ ಜುಲೈನಲ್ಲಿ ಪೂರ್ವ ಕೆಂಟಕಿಯಲ್ಲಿ ನೆರೆ ಬಂದು ಎಷ್ಟೋ ಮನೆಗಳು ಕೊಚ್ಚಿಹೋದವು. ನಾವು ಐಟಿಯವರು ವಿಮಾನ ಇಳಿದು ನೇರ ಸಬರ್ಬ್ ಸೇರುತ್ತೇವೆ. ಈ ಅಮೆರಿಕ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಮಗೆ ಕೊಟ್ಟ ಮನೆ ಒಂದು ಹಳೇ ಟ್ರೇಲರ್, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ಎಳೆದು ತಂದು ನಿಲ್ಲಿಸುವ ಉದ್ದನೆಯ ಮನೆ. ಯಜಮಾನರು ಗಣಿಯಲ್ಲಿ ದುಡಿದು ಬ್ಲ್ಯಾಕ್ ಲಂಗ್ ಹತ್ತಿಸಿಕೊಂಡವರು. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಕೂತು ಉಸಿರು ಕಿತ್ತುಕೊಳ್ಳುವ ಕಾಯಿಲೆ ಅದು. ಮೂಗಿಗೆ ಆಕ್ಸಿಜನ್ ಕೊಳವೆ, ಕೂರಲು ವೀಲ್‌ಚೇರ್. ಡಾಕ್ಟರ ಹತ್ತಿರ ಹೋಗಬೇಕಾದರೆ ಇಬ್ಬರು ಬಂದು ಎತ್ತಿ ಇಳಿಸಬೇಕಿತ್ತು. ಅವರ ಕುರ್ಚಿ ಇಳಿಸಲು ಇಳಿಜಾರಿನ ಒಂದು ರ‍್ಯಾಂಪ್ ಕಟ್ಟುವುದೇ ನಮ್ಮ ಕೆಲಸ.

ರ‍್ಯಾಂಪ್ ಅಂದರೆ ಬಾಗಿಲಿಗೆ ಒಂದು ಹಲಗೆ ಆನಿಸುವುದು ಅಂತ ಮಕ್ಕಳು ತಿಳಿದಿದ್ದರು. ಇಲ್ಲಿನ ಲೆಕ್ಕ ಬೇರೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ವೀಲ್‌ಚೇರ್ ತಳ್ಳುವವರಿಗೆ ಆಗುವುದಿಲ್ಲ, ಇಳಿಯುವಾಗ ಜಾರುತ್ತದೆ. ಬಾಗಿಲು ನೆಲದಿಂದ ಮೂರಡಿ ಮೇಲಿತ್ತು. ಹಾಗಾದರೆ ರ‍್ಯಾಂಪ್ 36 ಅಡಿ! ಮನೆಯ ಮುಂದೆ ಅಷ್ಟು ಜಾಗ ಎಲ್ಲಿ? ಗುಡ್ಡದ ಬುಡ, ಎದುರಿಗೇ ಹಳ್ಳ. ಹಾಗಾಗಿ ಅರ್ಧಕ್ಕೆ ನಿಲ್ಲಿಸಿ, ಕುರ್ಚಿ ತಿರುಗಿಸಲು ಒಂದು ಅಟ್ಟಣೆ ಮಾಡಿ, ವಾಪಸ್ ಹೊರಳಿಸಬೇಕಾಯಿತು. ಕಂಬಕ್ಕೆ ಗುಂಡಿ ತೋಡಲು ಹೋದರೆ ಮೊಣಕಾಲುದ್ದಕ್ಕೆ ಬಂಡೆ. ಒಂದೊಂದು ಗುಂಡಿಗೂ ಹಾರೆ ಹಿಡಿದು ಗಂಟೆಗಟ್ಟಲೆ ಗುದ್ದಾಡಿದರು. ಮನೆಯಲ್ಲಿ ತಟ್ಟೆ ಎತ್ತದ ನನ್ನ ಮಗ ಸಂಜೆ ಹೊತ್ತಿಗೆ ಅಂಗೈ ಬೊಬ್ಬೆ ತೋರಿಸುತ್ತಾ ಓಡಾಡಿದ. ಕರೆಂಟು ಗರಗಸ ಮಾತ್ರ ದೊಡ್ಡವರ ಕೈಯಲ್ಲೇ. ನಾನು ಮೊದಲ ಸಲ ಮರ ಕುಯ್ದೆ, ನೆಟ್ಟಗೇ ಬಂತು.

ಮನೆಯ ಅಮ್ಮನಿಗೆ ನಾವು ಮಾಂಸ ತಿನ್ನುವುದಿಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಆ ಕಡೆ ಸೂಪ್ ಬೀನ್ಸ್ ಅಂತ ಮಾಡುತ್ತಾರೆ. ಪಿಂಟೋ ಕಾಳನ್ನು ಹಂದಿ ಮಾಂಸದ ತುಂಡು ಹಾಕಿ ನಿಧಾನಕ್ಕೆ ಬೇಯಿಸುವುದು. ಜೊತೆಗೆ ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಕಾರ್ನ್ ಬ್ರೆಡ್. ಗುರುವಾರ ಅವರು ನಮ್ಮಿಬ್ಬರಿಗೆ ಅಂತಲೇ ಬೇರೆ ಪಾತ್ರೆಯಲ್ಲಿ, ಮಾಂಸ ಹಾಕದೆ ಬೇಯಿಸಿಟ್ಟಿದ್ದರು. ಮೇಲೆ ಹಸಿ ಈರುಳ್ಳಿ. ನಾನು ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಮುಂದಿಟ್ಟೆ. ಯಜಮಾನರು ಒಂದು ಮಿಡಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಕೇಳಿದರು.

ನನ್ನ ಗಂಡ ಮೊದಲಿನಿಂದಲೂ ಒಂದು ತಕರಾರು ತೆಗೆಯುತ್ತಿದ್ದರು. ಮಕ್ಕಳು ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟು ಹೋಗ್ತಾರೆ, ಕೆಲಸ ಬರಲ್ಲ. ಆ ದುಡ್ಡನ್ನೇ ಅಲ್ಲಿನ ಬಡಗಿಗೆ ಕೊಟ್ಟರೆ ಆಗಲ್ವಾ? ಇದು ಸುಳ್ಳಲ್ಲ. ಕಸುಬು ಬಲ್ಲ ಇಬ್ಬರು ಈ ರ‍್ಯಾಂಪನ್ನು ಎರಡು ಮೂರು ದಿನದಲ್ಲಿ ಮುಗಿಸುತ್ತಿದ್ದರು. ನಾವು ವಾರದಲ್ಲಿ ಅರ್ಧಕ್ಕೆ ಬಂದೆವು. ಆದರೆ ಮಕ್ಕಳು ಹೋಗದಿದ್ದರೆ ಆ ದುಡ್ಡು ಬಡಗಿಗೆ ಹೋಗುತ್ತಿತ್ತಾ? ನಮ್ಮ ಮನೆಯಲ್ಲಂತೂ ಒಂದು ಶೂ ಜಾಸ್ತಿ ಬರುತ್ತಿತ್ತು ಅಷ್ಟೆ.

ನನಗೆ ತುಂಬ ಹಿಡಿಸಿದ್ದು ನಮ್ಮ ಗ್ರೂಪಿನ ಒಂದು ನಿಯಮ. ಮನೆಯವರ ಫೋಟೊ ತೆಗೆದು ಎಲ್ಲೂ ಹಾಕುವಂತಿಲ್ಲ. ಆಸ್ಪತ್ರೆ ಮಂಚದ ಪಕ್ಕ ಹತ್ತು ಜನ ನಿಂತು ರೋಗಿಗೆ ಒಂದು ಬ್ರೆಡ್ಡು, ಎರಡು ಬಾಳೆಹಣ್ಣು ಕೊಡುವ ಫೋಟೊಗಳನ್ನು ನೋಡಿ ಬೆಳೆದವಳು ನಾನು.

ಮುಂದಿನ ವಾರ ಬೇರೆ ಚರ್ಚ್‌ನ ಮಕ್ಕಳು ಬಂದು ಕೈಕಂಬಿ ಕೂರಿಸಿ ಕೆಲಸ ಮುಗಿಸಿದರಂತೆ. ಮಗ ಈ ವರ್ಷಕ್ಕೂ ಹೆಸರು ಕೊಟ್ಟಿದ್ದಾನೆ. ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಲ್ಲ ಕಣೇ, ಅಮೆರಿಕದಲ್ಲೂ ಮನೆ ಸೋರ್ತಾವಾ?" ಅಂದರು. ಆಮೇಲೆ ಮೊಮ್ಮಗನನ್ನು ಕರೆದು, "ಇಲ್ಲಿ ಕೊಟ್ಟಿಗೆ ಹೆಂಚು ಸರಿ ಮಾಡೋಕೆ ಒಂದು ಆಳು ಸಿಕ್ತಿಲ್ಲ ಮಾರಾಯ. ಡಿಸೆಂಬರ್‌ಗೆ ಬರ್ತೀಯಲ್ಲ, ಬರುವಾಗ ಆ ಗಟ್ಟಿ ಶೂ ಹಾಕ್ಕೊಂಡು ಬಾ" ಅಂದರು.