ರಾಜ ಏಡಿಯ ಮರಿ ಎಲ್ಲಿರ್ತದೆ?

ಕೊಡಗಿನ ಮಳೆ ತಿಂಗಳು ಕಕ್ಕಡ ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ತುಂಬಾ ಏಡಿ ಸಾರಿನ ಫೋಟೋಗಳು. ನಾನಿರುವುದು ನಾರ್ವೆಯ ಉತ್ತರದ ತುದಿಯಲ್ಲಿ, ರಷ್ಯಾ ಗಡಿಗೆ ಹತ್ತಿರದ ಕಿರ್ಕೆನೆಸ್‌ನಲ್ಲಿ. ಸುಮ್ನೆ ಇರಲಾರದೆ ಇಲ್ಲಿಯ ಕಿಂಗ್ ಕ್ರ್ಯಾಬ್, ಅಂದರೆ ರಾಜ ಏಡಿಯ ಫೋಟೋ ಹಾಕಿದೆ. ಕಾಲು ಚಾಚಿದರೆ ಒಂದೂವರೆ ಮೀಟರಿಗೂ ಜಾಸ್ತಿ ಬರುವ ಏಡಿ ಇದು. ಎಲ್ಲರೂ ಬಾಯಿ ಬಿಟ್ಟರು. ವಿರಾಜಪೇಟೆಯ ಚಿಕ್ಕಪ್ಪ ಮಾತ್ರ, "ಇದರ ಮರಿ ಎಲ್ಲಿರ್ತದೆ?" ಎಂದರು. ಗದ್ದೆ ಮಾಡಿದವರು ಮಾತ್ರ ಕೇಳುವ ಪ್ರಶ್ನೆ.

ಗದ್ದೆ ಏರಿಯಲ್ಲಿ ಸಿಕ್ಕ ಹೆಣ್ಣೇಡಿಯನ್ನು ಮಗುಚಿ, ಹೊಟ್ಟೆಯ ಮುಚ್ಚಳ ಎತ್ತಿದರೆ ಒಳಗೆ ಮರಿಗಳು ಗಿಜಿಗುಡುವುದನ್ನು ನೋಡಿದ್ದೀರಲ್ವಾ? ಮೊಟ್ಟೆಯಿಂದ ಬರುವಾಗಲೇ ಅವು ಪೂರ್ತಿ ಏಡಿ. ಕಾಲು, ಕೊಂಡಿ ಎಲ್ಲ ಇರ್ತದೆ.

ಇಲ್ಲಿ ಹಾಗಲ್ಲ. ತಾಯಿ ಲಕ್ಷಗಟ್ಟಲೆ ಮೊಟ್ಟೆಯನ್ನು ಹೆಚ್ಚುಕಡಿಮೆ ಒಂದು ವರ್ಷ ಹೊಟ್ಟೆಯಡಿ ಹೊರುತ್ತದೆ. ವಸಂತದಲ್ಲಿ ಮೊಟ್ಟೆ ಒಡೆದ ಕೂಡಲೇ ಮರಿಗಳು ತಾಯಿಯನ್ನು ಬಿಟ್ಟು ನೀರಿಗೆ. ಕಡಲ ಸಂಶೋಧನೆಯ ಕೆಲಸದಲ್ಲಿರುವ ಪಕ್ಕದ ಮನೆಯಾಕೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಏಡಿಯ ಲಕ್ಷಣವೇ ಇಲ್ಲ! ಗಾಜಿನಂಥ ಮೈ, ಅದರಲ್ಲಿ ದೊಡ್ಡ ಕಪ್ಪು ಕಣ್ಣು, ಮುಂದೆ ಒಂದು ಉದ್ದ ಮುಳ್ಳು, ಹಿಂದಕ್ಕೂ ಮುಳ್ಳು. ಬಾಲ ಮಡಚಿ ಮಡಚಿ ಜಿಗಿಯುತ್ತಿತ್ತು.

ಇವು ಕಡಲ ತಳದಲ್ಲಿ ಇರುವುದಿಲ್ಲ. ದಡಕ್ಕೆ ಹತ್ತಿರದ ಮೇಲಿನ ನೀರಿನಲ್ಲಿ, ಪ್ರವಾಹ ಒಯ್ದತ್ತ ತೇಲುತ್ತಿರ್ತವೆ. ಚಳಿಗಾಲದಲ್ಲಿ ಇಲ್ಲಿ ಒಂದೂವರೆ ತಿಂಗಳಿಗೂ ಜಾಸ್ತಿ ಸೂರ್ಯ ಮುಖ ತೋರಿಸುವುದಿಲ್ಲ. ಬೆಳಕು ವಾಪಸ್ ಬಂದಾಗ ಕಣ್ಣಿಗೆ ಕಾಣದ ಪಾಚಿ ನೀರಿನ ತುಂಬಾ ಹಬ್ಬುತ್ತದೆ. ಮರಿಗಳು ಹೊರಬರುವುದೂ ಆಗಲೇ. ಮೊದಲ ಕೆಲವು ದಿನಗಳಲ್ಲಿ ಆ ಪಾಚಿಯೋ, ಅದನ್ನು ತಿನ್ನುವ ಸಣ್ಣ ಜೀವಿಗಳೋ ಸಿಗದಿದ್ದರೆ ಮರಿ ಉಳಿಯದು. ಸುಮಾರು ಎರಡು ತಿಂಗಳು ಹೀಗೇ. ನೀರು ತಣ್ಣಗಿದ್ದಷ್ಟೂ ಬೆಳವಣಿಗೆ ನಿಧಾನ.

ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಇನ್ನೊಂದು ರೂಪ. ಆಗ ಅದು ಏನೂ ತಿನ್ನುವುದಿಲ್ಲ, ನಿಲ್ಲಲು ಜಾಗ ಹುಡುಕುವುದೊಂದೇ ಕೆಲಸ. ಬರಿ ಮರಳಾದರೆ ಮೀನಿನ ಬಾಯಿಗೆ ಹೋದ ಹಾಗೇ. ಹಾಗಾಗಿ ಆಳ ಕಡಿಮೆ ಇರುವ ಕಡೆ ಕಲ್ಲು, ಚಿಪ್ಪು, ಕಡಲಪಾಚಿ ತುಂಬಿದ ಸಂದು ಬೇಕು. ಅಲ್ಲಿ ಇನ್ನೊಮ್ಮೆ ಪೊರೆ ಬಿಟ್ಟಾಗಲೇ ಎರಡು ಮಿಲಿಮೀಟರಿನ ನಿಜವಾದ ಏಡಿ. ಅಣ್ಣ ಏಡಿಗಳೂ ತಮ್ಮಂದಿರನ್ನು ತಿನ್ನುವುದರಿಂದ ಮೊದಲ ವರ್ಷವೆಲ್ಲ ಅಡಗಿಯೇ ಬಾಳು. ಸ್ವಲ್ಪ ಬಲಿತ ಮೇಲೆ ಬೇರೆಯದೇ ಬುದ್ಧಿ. ಅಲಾಸ್ಕಾದ ಕಡಲಲ್ಲಿ ಸಾವಿರಾರು ಎಳೆಯ ಏಡಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದು ಕೂರುವುದನ್ನು ಮುಳುಗುಗಾರರು ಕಂಡಿದ್ದಾರೆ.

ಅಂದ ಹಾಗೆ ಈ ಏಡಿ ಇಲ್ಲಿಯದೇ ಅಲ್ಲ. ಮೂಲ ಉತ್ತರ ಪೆಸಿಫಿಕ್. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಗಡಿಯಾಚೆ ರಷ್ಯಾದ ಮುರ್ಮಾನ್ಸ್ಕ್ ಕಡೆ ತಂದು ಬಿಟ್ಟರು. ದೊಡ್ಡವು ನಡೆದು, ಮರಿಗಳು ತೇಲಿ ನಾರ್ವೆಗೂ ಬಂದವು. ಮೊದಲು ಮೀನುಗಾರರ ಬಲೆ ಹಾಳು ಮಾಡುವ ಪೀಡೆ, 2002ರಿಂದ ದುಡ್ಡಿನ ಬೆಳೆ. ಸರ್ಕಾರದ ನಿಯಮವೂ ಮಜಾ ಇದೆ. ನಮ್ಮ ಪೂರ್ವದ ಕಡೆ ಇಷ್ಟೇ ಹಿಡಿಯಬೇಕು ಎಂಬ ಮಿತಿ. ನಾರ್ತ್ ಕೇಪ್ ಎಂಬ ಭೂಶಿರ ದಾಟಿ ಪಶ್ಚಿಮಕ್ಕೆ ಹೋದರೆ, ಇನ್ನೂ ಹರಡಬಾರದೆಂದು, ಹಿಡಿದಷ್ಟೂ ಒಳ್ಳೆಯದು.

ಇದನ್ನೆಲ್ಲ ಬರೆದು ಕಳಿಸಿದೆ. ಚಿಕ್ಕಪ್ಪನಿಂದ ಉತ್ತರ ಬಂತು: "ಹಾಗಾದ್ರೆ ಪಶ್ಚಿಮದ ಕಡೆ ಮನೆ ನೋಡು ಮಾರಾಯ."