ತಳ ಎಂಟು, ಮಹಡಿ ಹತ್ತು: ಲೆಗೊದಲ್ಲೊಂದು ಮಧ್ಯಯುಗದ ಮನೆ

ಬೂದು ಗೋಡೆ, ಕಂದು ಕಂಬ, ಕೆಂಪು ಛಾವಣಿ ಎಲ್ಲ ಹಾಕಿದರೂ ಮನೆ ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ಲೆಗೊದಲ್ಲಿ ಹಳೇ ಯುರೋಪಿನ ಮನೆ ಕಟ್ಟಲು ಹೊರಟವರ ಮೊದಲ ದೂರೇ ಇದು. ತಪ್ಪು ಬಣ್ಣದ್ದಲ್ಲ, ಗೋಡೆಯದ್ದು. ಅದು ಬುಡದಿಂದ ಸೂರಿನವರೆಗೆ ಒಂದೇ ಗೆರೆಯಲ್ಲಿ ಎದ್ದಿರುತ್ತದೆ. ಆ ಕಾಲದ ಪಟ್ಟಣದ ಮನೆಗಳಲ್ಲಿ ಮಹಡಿ ಕೆಳಗಿನ ಗೋಡೆ ದಾಟಿ ಬೀದಿಯ ಕಡೆ ಚಾಚಿರುತ್ತಿತ್ತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ವೆಂಟಿ-ಥರ್ಟಿ ಸೈಟುಗಳ ಯಾವ ಬಡಾವಣೆಗೆ ಹೋದರೂ ಫಸ್ಟ್ ಫ್ಲೋರ್ ರಸ್ತೆಯ ಮೇಲೆ ಬಂದು ನಿಂತಿರುತ್ತದೆ. ಜಾಗ ಕಡಿಮೆ, ಆಸೆ ಜಾಸ್ತಿ. ಅಲ್ಲಿಯೂ ಅದೇ ಲೆಕ್ಕ.

ಇಲ್ಲಿ ಹೇಳುವ ಮನೆ 16×16 ಸ್ಟಡ್ (ಲೆಗೊ ತುಂಡಿನ ಮೇಲಿನ ಗುಂಡು ಉಬ್ಬು) ಇರುವ ಬೇಸ್‌ಪ್ಲೇಟ್, ಅಂದರೆ ಬುಡದ ಹಲಗೆಯ ಮೇಲೆ ಕೂರುತ್ತದೆ. ಕೆಳಗಿನ ಅಂತಸ್ತು 10 ಸ್ಟಡ್ ಅಗಲ, 8 ಸ್ಟಡ್ ಆಳ. ಮಹಡಿ 10×10, ಅಂದರೆ ಮುಂದೊಂದು, ಹಿಂದೊಂದು ಸ್ಟಡ್ ಹೊರಚಾಚು. ಛಾವಣಿ 12×12. ಒಟ್ಟು ಎತ್ತರ ಸುಮಾರು 18 ಸೆಂ.ಮೀ.

ಶುರುವಿಗೆ ಮೂರು ಅಳತೆ ತಲೆಯಲ್ಲಿರಲಿ. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6, ಪ್ಲೇಟ್ ಎನ್ನುವ ತೆಳು ತುಂಡಿನ ಎತ್ತರ 3.2. ಮೂರು ಪ್ಲೇಟಿಗೆ ಒಂದು ಇಟ್ಟಿಗೆ ಎನ್ನುವುದು ಮಕ್ಕಳಿಗೂ ಗೊತ್ತು. ಐದು ಪ್ಲೇಟಿನ ಎತ್ತರಕ್ಕೆ ಸರಿಯಾಗಿ ಎರಡು ಸ್ಟಡ್ ಅಗಲ, ಎರಡೂ 16 ಮಿ.ಮೀ. ಎನ್ನುವುದು ಅನೇಕರಿಗೆ ಗೊತ್ತಿರುವುದಿಲ್ಲ. ಈ ಮನೆ ನಿಂತಿರುವುದೇ ಆ ಲೆಕ್ಕದ ಮೇಲೆ.

ಕೆಳಗಿನ ಗೋಡೆ ಕಲ್ಲಿನದು, ಆರು ವರಸೆ. ಬಾಗಿಲಿನ ಚೌಕಟ್ಟು 1×4×6 (ಕೊನೆಯದು ಎತ್ತರ, ಇಟ್ಟಿಗೆ ಲೆಕ್ಕದಲ್ಲಿ) ಆದ್ದರಿಂದ ಆರಕ್ಕಿಂತ ಕಡಿಮೆ ಮಾಡುವಂತಿಲ್ಲ. ಬಾಗಿಲು, ಎರಡು 1×2×2 ಕಿಟಕಿ ಬಿಟ್ಟರೆ 160 ಸ್ಟಡ್ ಗೋಡೆ ಉಳಿಯುತ್ತದೆ. ಬರೀ 1×2 ಇಟ್ಟಿಗೆಯಾದರೆ 80. ಅದರಲ್ಲಿ ಇಪ್ಪತ್ತೈದರಷ್ಟು ಮಾತ್ರ ಕಲ್ಲುಗೆರೆ ಇರುವ ಇಟ್ಟಿಗೆ (ಲೆಗೊ ಭಾಗದ ನಂಬರ್ 98283) ಸಾಕು. ಎಲ್ಲ ಕಡೆ ಅದನ್ನೇ ಹಾಕಿದರೆ ಬಾತ್‌ರೂಮ್ ಟೈಲ್ಸ್ ಹಾಗೆ ಕಾಣುತ್ತದೆ. ಬುಡದ ಎರಡು ವರಸೆಗೆ ಕಡು ಬೂದು, ಮೇಲಕ್ಕೆ ತಿಳಿ ಬೂದು, ಅಲ್ಲಲ್ಲಿ ಒಂದೆರಡು ಮಣ್ಣುಬಣ್ಣದ್ದು. ಗಾರೆ ಮೇಸ್ತ್ರಿಯ ನಿಯಮ ಇಲ್ಲಿಯೂ ಉಂಟು: ಸಂದಿಯ ಮೇಲೆ ಸಂದಿ ಬರಬಾರದು. ಬಂದರೆ ಮಹಡಿ ಒತ್ತುವಾಗ ಗೋಡೆ ಆ ಗೆರೆಯಲ್ಲೇ ಬಾಯಿಬಿಡುತ್ತದೆ.

ಆರನೇ ವರಸೆಯ ಮೇಲೆ ಒಂದು ಪ್ಲೇಟ್ ದಪ್ಪದ ಪದರ. ಮುಂದೆ ಮತ್ತು ಹಿಂದೆ ಒಂದು ಸ್ಟಡ್ ಬಿಟ್ಟು ಒಂದರಂತೆ ಕಂದು 1×2 ಪ್ಲೇಟನ್ನು ಗೋಡೆಗೆ ಅಡ್ಡಲಾಗಿ ಕೂರಿಸಿ, ಅರ್ಧ ಹೊರಗೆ ಚಾಚಲಿ. ಕಡೆಗೆ ಐದರಂತೆ ಹತ್ತು ಬೇಕು. ನಡುವಿನ ಹತ್ತು ಜಾಗಕ್ಕೆ ಬೂದು 1×1, ಪಕ್ಕದ ಗೋಡೆಗಳಿಗೆ ಒಂದೊಂದು 1×6. ಕೆಳಗಿನಿಂದ ನೋಡಿದರೆ ಇವು ತೊಲೆಯ ತುದಿಗಳು. ಇದರ ಮೇಲೆ ಮಹಡಿಯ ನೆಲ: 6×10 ಒಂದು, 4×10 ಒಂದು, ಅದೇ ಜೋಡಿಯನ್ನು ಅಡ್ಡ ತಿರುಗಿಸಿ ಎರಡನೇ ಪದರ. ಒಂದೇ ಪದರ ಹಾಕಿ ಉಳಿತಾಯ ಮಾಡಿದವರ ನೆಲ ನಡುವಿನ ಸೇರುವೆಯಲ್ಲಿ ಮಡಚಿಕೊಳ್ಳುತ್ತದೆ.

ಮಹಡಿಯ ಗೋಡೆಯೇ ಕೆಲಸದ ತಿರುಳು. ಮೂಲದಲ್ಲಿ ಅದು ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮೆತ್ತಿದ ಮಣ್ಣು. ನಮ್ಮ ತಡಿಕೆ ಗೋಡೆಯ ದಾಯಾದಿ ಅನ್ನಿ. ಕಂದು ಇಟ್ಟಿಗೆ ಒಂದರ ಮೇಲೊಂದು ಇಟ್ಟು ಕಂಬ ಮಾಡಬಹುದು, ಆದರೆ ಚಪ್ಪಟೆಯಾಗಿ, ಬಣ್ಣ ಬಳಿದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಸ್ಟಡ್ ಇರುವ 1×1 ಇಟ್ಟಿಗೆ (87087) ಗೋಡೆಯೊಳಗೆ ಸೇರಿಸಿ, ಹೊರಗಿನಿಂದ ಕಂದು 1×6 ಟೈಲ್ (ಮೇಲೆ ಸ್ಟಡ್ ಇಲ್ಲದ ನುಣುಪು ಪ್ಲೇಟ್) ಒತ್ತಿ ಕೂರಿಸಿದರೆ ಕಂಬ 3.2 ಮಿ.ಮೀ. ಉಬ್ಬಿ ನಿಲ್ಲುತ್ತದೆ, ನೆರಳು ಬೀಳುತ್ತದೆ.

ಹೆಚ್ಚಿನವರು ಎಡವುವುದೂ ಇಲ್ಲಿಯೇ. ಐದು ಇಟ್ಟಿಗೆ ಎತ್ತರ 48 ಮಿ.ಮೀ., ಆರು ಸ್ಟಡ್ ಟೈಲ್ ಉದ್ದವೂ 48. ಸರಿಹೋಯಿತು ಎಂದು ಐದು 87087 ಪೇರಿಸುತ್ತಾರೆ. ಪಕ್ಕದ ಸ್ಟಡ್‌ಗಳು 9.6ಕ್ಕೊಂದು, ಟೈಲಿನ ಹಿಡಿತ 8ಕ್ಕೊಂದು. ಕೂಡುವುದು ಒಂದೇ ಒಂದು ಕಡೆ. ಟೈಲ್ ಆ ಒಂದರ ಮೇಲೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ, ಇಲ್ಲವೇ ಗೋಡೆಗೆ ಕೂರುವುದೇ ಇಲ್ಲ. ಪರಿಹಾರ ಮೇಲೆ ಹೇಳಿದ ಲೆಕ್ಕದಲ್ಲಿದೆ. ಎರಡು ಪ್ಲೇಟ್, ಒಂದು ಇಟ್ಟಿಗೆ, ಹೀಗೆ ಮೂರು ಸಲ. ಎತ್ತರ ಅದೇ 48. ಪಕ್ಕದ ಸ್ಟಡ್‌ಗಳು ಈಗ ಸರಿಯಾಗಿ 16 ಮಿ.ಮೀ.ಗೊಂದು, ಟೈಲ್ ಮೂರು ಕಡೆ ಕಚ್ಚುತ್ತದೆ. ಪ್ಲೇಟ್ ಕೆಳಗೆ, ಇಟ್ಟಿಗೆ ಮೇಲೆ ಎಂಬ ಕ್ರಮ ತಪ್ಪಬಾರದು. 87087ರ ಪಕ್ಕದ ಸ್ಟಡ್ ನಟ್ಟನಡುವೆ ಇಲ್ಲ, ತುಸು ಮೇಲಿದೆ. ಕ್ರಮ ತಲೆಕೆಳಗಾದರೆ ಟೈಲ್ ಗೋಡೆ ಮೀರಿ 1.6 ಮಿ.ಮೀ. ಮೇಲೆ ಬರುತ್ತದೆ, ಬುಡದಲ್ಲಿ ಅಷ್ಟೇ ಸಂದಿ ಉಳಿಯುತ್ತದೆ.

ಇಡೀ ಗೋಡೆಗೆ ಇದೇ ಲಯವಿರಲಿ, ಕಂಬಕ್ಕಷ್ಟೇ ಅಲ್ಲ. ಆಗ ಉದ್ದ ಪ್ಲೇಟುಗಳು ಕಂಬಗಳ ಮೇಲೆ ಹಾದು ಎಲ್ಲವನ್ನೂ ಕಟ್ಟಿಹಾಕುತ್ತವೆ. ಮುಂದೆ ಕಂಬ 1, 4, 7, 10ನೇ ಸ್ಟಡ್‌ನಲ್ಲಿ, ಹಿಂದೆಯೂ ಹಾಗೆಯೇ. 87087 ಒಟ್ಟು 24, ಟೈಲ್ 8. ನಡುವಿನ ಸಂದಿಗೆ 1×2×2 ಕಿಟಕಿ: ಮೊದಲ ಇಟ್ಟಿಗೆ ವರಸೆಯ ಮೇಲೆ ಇಟ್ಟರೆ ಎರಡು ಪ್ಲೇಟ್, ಒಂದು ಇಟ್ಟಿಗೆ, ಇನ್ನೊಂದು ಪ್ಲೇಟ್ ಎತ್ತರದಲ್ಲಿ ಕರಾರುವಾಕ್ಕಾಗಿ ಮುಗಿಯುತ್ತದೆ. ಜೋಡಿ ಪ್ಲೇಟುಗಳಲ್ಲಿ ಒಂದು ಪದರ ಮುಂದಿನ ಗೋಡೆಯದ್ದು ಮೂಲೆಯವರೆಗೆ ಬರಲಿ, ಮುಂದಿನ ಪದರ ಪಕ್ಕದ ಗೋಡೆಯದ್ದು. ಮೂಲೆಗೆ ಇದೇ ಬೀಗ. ಕಂಬಗಳ ನಡುವೆ ಓರೆ ತೊಲೆ ಬೇಡ. ನಾಲ್ಕು ಸೆಂ.ಮೀ. ಲೆಗೊ ಗೊಂಬೆಯನ್ನು ಆಳೆತ್ತರ ಎಂದುಕೊಂಡರೆ ಒಂದು ಸ್ಟಡ್ ಕಂಬವೇ ಒಂದಡಿ ಮೀರುತ್ತದೆ. ಇನ್ನೆರಡು ಸೇರಿಸಿದರೆ ಗೋಡೆ ಹೋಗಿ ಸಾಮಿಲ್ ಆಗುತ್ತದೆ. ಮಣ್ಣಿನ ಭಾಗಕ್ಕೆ ಬಿಳಿಗಿಂತ ಟ್ಯಾನ್ (ಮರಳಿನ) ಬಣ್ಣ ವಾಸಿ.

ಗೋಡೆಯ ನೆತ್ತಿಗೆ ಎಂಟು ಕಂದು 1×4 ಟೈಲ್, ನಾಲ್ಕು ಮೂಲೆಗೆ 1×1 ಪ್ಲೇಟ್. ಛಾವಣಿ ಹಿಡಿಯುವುದು ಆ ನಾಲ್ಕು ಸ್ಟಡ್ ಮಾತ್ರ, ಹಾಗಾಗಿ ಮುಚ್ಚಳದಂತೆ ಎತ್ತಬಹುದು. ಛಾವಣಿಯ ಬುಡಕ್ಕೆ 1×10 ಮತ್ತು 1×8 ಪ್ಲೇಟುಗಳ ಎರಡು ಪದರದ ಚೌಕಟ್ಟು, ತಲಾ ನಾಲ್ಕು. ಅದರ ಮೇಲೆ 45 ಡಿಗ್ರಿ ಇಳಿಜಾರು ಇಟ್ಟಿಗೆ ಐದು ವರಸೆ, ಪ್ರತಿ ವರಸೆ ಒಂದು ಸ್ಟಡ್ ಒಳಕ್ಕೆ. 2×4 ಅಳತೆಯದ್ದು 26, 2×2 ಎಂಟು. 2×2 ಇರುವ ಎರಡನೇ, ನಾಲ್ಕನೇ ವರಸೆಯಲ್ಲಿ ಅವು ತುದಿಗಿರಲಿ, ಸಂದಿ ತಪ್ಪುತ್ತದೆ. ನೆತ್ತಿಗೆ ಎರಡೂ ಕಡೆ ಇಳಿಜಾರಿನ 2×2 ಆರು. ಹೆಸರು 45 ಆದರೂ 8 ಮಿ.ಮೀ.ಗೆ 9.6 ಏರುವುದರಿಂದ ಛಾವಣಿಯ ಓಟ 50 ಡಿಗ್ರಿ ಬರುತ್ತದೆ. ಹುಲ್ಲಿನ ಮಾಡಿಗೆ ಅಷ್ಟು ಕಡಿದು ಬೇಕೇ ಬೇಕು. 33 ಡಿಗ್ರಿಯದ್ದು ಅಗ್ಗವಾಗಿ ಸಿಕ್ಕಿತೆಂದು ಹಾಕಿದರೆ ಮನೆ ಕಾರ್ ಶೆಡ್ ಆಗುತ್ತದೆ. ಪಕ್ಕದ ಪ್ರತಿ ತ್ರಿಕೋನಕ್ಕೂ 1×8, 1×6, 1×4, 1×2 ಇಟ್ಟಿಗೆ ಒಂದೊಂದು. ಇಳಿಜಾರಿನ ಜೊತೆಜೊತೆಗೇ ಏರಿಸಬೇಕು, ಆಮೇಲೆ ತುರುಕಲು ಬರುವುದಿಲ್ಲ. ಚಿಮಣಿ ಇಲ್ಲದಿದ್ದರೂ ತಪ್ಪಲ್ಲ. ಬಡವರ ಮನೆಯ ಹೊಗೆ ಮಾಡಿನ ಮೂಲಕವೇ ಹೋಗುತ್ತಿತ್ತು.

ಬಿಡಿ ಭಾಗಗಳನ್ನು ಬ್ರಿಕ್‌ಲಿಂಕ್ ಜಾಲತಾಣದಲ್ಲಿ ನಂಬರ್ ಕೊಟ್ಟು ಹುಡುಕಬಹುದು. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಬೇರೆ ಕಂಪನಿಯ ಇಟ್ಟಿಗೆ ಕೆಳಗಿನ ಗೋಡೆಗೆ ನಡೆಯುತ್ತದೆ, 87087 ಮತ್ತು ಟೈಲಿಗೆ ಬೇಡ, ಕೂದಲೆಳೆ ಸಡಿಲವಿದ್ದರೂ ಕಂಬ ಉದುರುತ್ತದೆ. ಸೆಕೆಂಡ್ ಹ್ಯಾಂಡ್ ಕೆಂಗಂದು ಪ್ಲೇಟುಗಳು ಬಿಡಿಸುವಾಗ ಪಟ್ಟನೆ ಬಿರಿಯುತ್ತವೆ, ಹತ್ತಿಪ್ಪತ್ತು ಹೆಚ್ಚಿಗೆ ಇರಲಿ. ವಿಂಗಡಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಕ್ರೂ, ರೆಸಿಸ್ಟರ್ ಇಡಲು ಮಾರುವ ಖಾನೆ ಡಬ್ಬಿಗಳಿಗಿಂತ ಒಳ್ಳೆಯದಿಲ್ಲ.

ಮನೆ ಮುಗಿದ ಮೇಲೆ ಪಶ್ಚಿಮದ ಕಿಟಕಿಯ ಬಳಿ ಇಡಬೇಡಿ. ಬಿಸಿಲಿಗೆ ತಿಳಿ ಬಣ್ಣ ಹಳದಿಯಾಗುತ್ತದೆ. ರಸ್ತೆ ಅಗೆಯುವ ಊರಿನ ಧೂಳಿಗೆ ಮೇಕಪ್ ಬ್ರಷ್ ಸಾಕು. ತೊಳೆಯಲೇಬೇಕಾದರೆ ಛಾವಣಿ ಬೇರೆ ಮಾಡಿ, 40 ಡಿಗ್ರಿ ಮೀರದ ನೀರಿನಲ್ಲಿ ಅದ್ದಿ, ಫ್ಯಾನಿನಡಿ ಬೋರಲಾಗಿ ಒಣಗಿಸಿ.