ವಂಡರ್ ವುಮನ್‌ನ ಹಳೆಯ ಕಥೆಗಳ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಅಮೆರಿಕದ ಕಾಮಿಕ್ಸಿನ ನಾಯಕಿ ವಂಡರ್ ವುಮನ್ ಬಗ್ಗೆ 1941ರಿಂದ 1949ರ ತನಕ ಬಂದ ಕಥೆಗಳನ್ನು ಒಂದೊಂದಾಗಿ ಓದಿ, ಅದರಲ್ಲಿ ಹೆಣ್ಣು ಏನು ಮಾಡುತ್ತಾಳೆ, ಯಾರ ನಿರ್ಧಾರದಿಂದ ಕಥೆ ತಿರುಗುತ್ತದೆ ಎಂದು ಸ್ಪ್ರೆಡ್‌ಶೀಟಿಗೆ ಇಳಿಸುವುದು ಈ ಕೆಲಸ. ಆ ಕಾಮಿಕ್ಸಿನ ಸ್ತ್ರೀವಾದವನ್ನು ಹೊಗಳುವವರೂ ಇದ್ದಾರೆ, ತಳ್ಳಿಹಾಕುವವರೂ ಇದ್ದಾರೆ. ಇಬ್ಬರ ವಾದವೂ ಪದೇ ಪದೇ ಅಚ್ಚಾದ ಅವೇ ನಾಲ್ಕೈದು ಚಿತ್ರಗಳ ಮೇಲೆ ನಿಂತಿದೆ. ಅದಕ್ಕೇ ಪೂರ್ತಿ ಓದು ಬೇಕು.

ಮೊದಲ ತೀರ್ಮಾನ: ಒಂದು ಸಾಲಿಗೆ ಒಂದು ಕಥೆ, ಒಂದು ಸಂಚಿಕೆ ಅಲ್ಲ. ‘ಸೆನ್ಸೇಷನ್ ಕಾಮಿಕ್ಸ್’ನಲ್ಲಿ ಅವಳ ಕಥೆ ಸಾಮಾನ್ಯವಾಗಿ 13 ಪುಟ, ಉಳಿದದ್ದೆಲ್ಲ ವೈಲ್ಡ್‌ಕ್ಯಾಟ್, ಮಿಸ್ಟರ್ ಟೆರಿಫಿಕ್ ಮುಂತಾದ ಬೇರೆ ನಾಯಕರದು. ಸಂಚಿಕೆಯನ್ನೇ ಲೆಕ್ಕಕ್ಕೆ ಹಿಡಿದರೆ ಅವರ ಪುಟಗಳೂ ಅವಳ ಖಾತೆಗೆ ಬೀಳುತ್ತವೆ. ಪುಟಕ್ಕೆ ಆರೇಳು ಚೌಕಟ್ಟು (ಒಂದೊಂದು ಚಿತ್ರದ ಚೌಕ) ಎಂದು ಅಂದಾಜು ಇಟ್ಟುಕೊಂಡು ಎಣಿಸಲು ಕೂತರೆ ಮೊದಲ ಕಥೆಯಲ್ಲೇ ತೊಡಕು. ‘ಆಲ್ ಸ್ಟಾರ್ ಕಾಮಿಕ್ಸ್’ 8ನೇ ಸಂಚಿಕೆಯಲ್ಲಿ ಅವಳು ಮೊದಲು ಕಾಣಿಸಿಕೊಂಡ ಕಥೆ 9 ಪುಟ. ಅದರಲ್ಲಿ ಅಮೆಜಾನರ, ಅಂದರೆ ಅವಳ ಕುಲದ ಯೋಧ ಹೆಂಗಸರ, ಪೂರ್ವಕಥೆ ಹೇಳುವ 2 ಪುಟ ಬರೀ ಗದ್ಯ, ಜೊತೆಗೆ ಚಿತ್ರ. ಅಲ್ಲಿ ಚೌಕಟ್ಟೇ ಇಲ್ಲ. ಇಂಥ ಪುಟಗಳಿಗೆ ಬೇರೆ ಅಂಕಣ ಮಾಡಿ ಸರಾಸರಿಯಿಂದ ಹೊರಗಿಟ್ಟಿದ್ದೇವೆ.

ತಾರೀಖಿಗೂ ಎರಡು ಅಂಕಣ ಬೇಕು. ಆ ಸಂಚಿಕೆಯ ಮುಖಪುಟ ಹೇಳುವುದು 1941ರ ಡಿಸೆಂಬರ್–1942ರ ಜನವರಿ. ಅಂಗಡಿಗೆ ಬಂದದ್ದು ಅಕ್ಟೋಬರಿನಲ್ಲೇ. ಅಂದರೆ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಮಾಡಿದ ದಾಳಿಗೂ ಮುಂಚೆ. ಮುಖಪುಟದ ತಿಂಗಳನ್ನೇ ನಂಬಿದರೆ ಇದು ದಾಳಿಗೆ ಉತ್ತರವಾಗಿ ಹುಟ್ಟಿದ ಪಾತ್ರ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಖಳರ ಅಂಕಣವನ್ನೂ ಒಡೆಯಬೇಕಾಯಿತು. ‘ಸೆನ್ಸೇಷನ್’ 2ರ ಡಾಕ್ಟರ್ ಪಾಯ್ಸನ್ ಮುಸುಕು ಹಾಕಿ ಗಂಡಸಿನಂತೆ ಬರುತ್ತಾಳೆ. ಮುಸುಕು ಕಳಚಿದಾಗ ಅವಳು ಮಾರು ಎಂಬ ರಾಜಕುಮಾರಿ. ಹಿಪ್ನೋಟಾ, ಬ್ಲೂ ಸ್ನೋಮ್ಯಾನ್ ಕೂಡ ಹೀಗೆಯೇ. ಖಳನ ಲಿಂಗಕ್ಕೆ ಒಂದೇ ಅಂಕಣ ಇದ್ದರೆ ಒಬ್ಬರು ‘ಗಂಡು’ ಎಂದು ತುಂಬುತ್ತಾರೆ, ಇನ್ನೊಬ್ಬರು ‘ಹೆಣ್ಣು’ ಎಂದು. ಈಗ ‘ಮೊದಲ ಚೌಕಟ್ಟಿನಲ್ಲಿ’, ‘ಕೊನೆಯ ಚೌಕಟ್ಟಿನಲ್ಲಿ’ ಎಂದು ಎರಡಿವೆ. ಡಾಕ್ಟರ್ ಪಾಯ್ಸನ್ ಕಥೆಯಲ್ಲೇ ಜಪಾನೀಯರನ್ನು ಚಿತ್ರಿಸಿದ ರೀತಿ ಅಸಹ್ಯ ಹುಟ್ಟಿಸುವಂಥದ್ದು. ಕಾಲೇಜು ಹುಡುಗಿಯರ ಪಡೆ ಕಟ್ಟಿಕೊಂಡು ಅವಳ ಗೆಳತಿ ಎಟ್ಟಾ ಕ್ಯಾಂಡಿ ಮೊದಲು ಬರುವುದೂ ಇಲ್ಲಿಯೇ. ಒಂದನ್ನು ಬರೆದು ಇನ್ನೊಂದನ್ನು ಬಿಡುವಂತಿಲ್ಲ. ಜನಾಂಗದ ವ್ಯಂಗ್ಯಚಿತ್ರಕ್ಕೂ ಅಂಕಣ ಕಡ್ಡಾಯ.

ಹೆಚ್ಚು ಹೊತ್ತು ತಿಂದದ್ದು ಸರಪಳಿ. ‘ಕಟ್ಟಿಹಾಕಿದ ಚೌಕಟ್ಟು’ ಎಂದು ಸುಮ್ಮನೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಗಂಡಸು ಅವಳ ಕೈಕಡಗಗಳಿಗೆ ಸರಪಳಿ ಬೆಸೆದರೆ ಶಕ್ತಿ ಹೋಗುತ್ತದೆ ಎಂಬುದು ಕಥೆಯ ಕಟ್ಟಳೆ. ಹಾಗಾಗಿ ಯಾರು ಕಟ್ಟಿದರು, ಹೇಗೆ ಬಿಡಿಸಿಕೊಂಡಳು, ಬಿಡಿಸಿದವರು ಯಾರು ಎಂದು ಮೂರು ಅಂಕಣ. ಚಿತ್ರಕಾರ ಹ್ಯಾರಿ ಪೀಟರ್ 1910ರ ದಶಕದಲ್ಲಿ ‘ಜಡ್ಜ್’ ಪತ್ರಿಕೆಯಲ್ಲಿ ಮಹಿಳೆಯರ ಮತದಾನದ ಹಕ್ಕಿನ ಚಳವಳಿಗೆ ಮೀಸಲಾದ ಪುಟಕ್ಕೆ ಚಿತ್ರ ಬರೆಯುತ್ತಿದ್ದವರು. ಹಗ್ಗ ಹರಿಯುವ ಹೆಣ್ಣು ಆ ಚಳವಳಿಯ ಚಿತ್ರಗಳಲ್ಲಿ ಆಗಲೇ ಇದ್ದಳು. ಆದರೆ ಎಲ್ಲ ಸರಪಳಿಯನ್ನೂ ಚಳವಳಿಯ ಲೆಕ್ಕಕ್ಕೆ ಹಾಕುವುದು ನಮಗೆ ಒಪ್ಪಿಗೆಯಿಲ್ಲ. 1943ರಲ್ಲೇ ಪ್ರಕಾಶಕರ ಸಲಹಾ ಮಂಡಳಿಯಲ್ಲಿದ್ದ ಜೊಸೆಟ್ ಫ್ರಾಂಕ್ ಈ ಸರಪಳಿ ಚಿತ್ರಗಳಿಗೆ ಆಕ್ಷೇಪ ಎತ್ತಿದ್ದರು. ಸಂಪಾದಕಿ ಡೊರೊತಿ ರೌಬಿಚೆಕ್ ಸರಪಳಿಯಿಲ್ಲದೆ ಹೆಣ್ಣನ್ನು ಬಂಧಿಸಿಡುವ ದಾರಿಗಳ ಪಟ್ಟಿಯನ್ನೇ ಮಾಡಿಕೊಟ್ಟರು. ಅದರಿಂದ ಸರಪಳಿ ಶೇ. 50ರಿಂದ 75ರಷ್ಟು ತಗ್ಗಿಸಬಹುದು ಎಂದು ಪ್ರಕಾಶಕ ಗೇನ್ಸ್ ಲೇಖಕರಿಗೆ ಬರೆದರು. ನಿಜಕ್ಕೂ ತಗ್ಗಿತೇ ಎಂಬುದಕ್ಕೆ ಉತ್ತರ ಈ ಮೂರು ಅಂಕಣ ತುಂಬಿದ ಮೇಲೆಯೇ.

ಇನ್ನು ಲೇಖಕರ ಅಂಕಣ. ಇಡೀ ಪಟ್ಟಿಯ ಬೆಲೆ ಇದರಲ್ಲಿದೆ. ಪುಟದ ಮೇಲೆ ಅಚ್ಚಾದ ಹೆಸರು ಚಾರ್ಲ್ಸ್ ಮೋಲ್ಟನ್. ಅದು ಮನಶ್ಶಾಸ್ತ್ರಜ್ಞ ವಿಲಿಯಂ ಮೋಲ್ಟನ್ ಮಾರ್ಸ್ಟನ್‌ರ ಕಾವ್ಯನಾಮ. 1944ರಿಂದ ಅದೇ ಹೆಸರಿನ ಹಿಂದೆ ಜಾಯ್ ಹಮ್ಮೆಲ್ ಎಂಬ ತರುಣಿ ಇದ್ದರು. ಮಾರ್ಸ್ಟನ್‌ರ ವಿದ್ಯಾರ್ಥಿನಿಯಾಗಿದ್ದ ಅವರು ಸಹಾಯಕಿಯಾಗಿ ಬಂದು ಕಥೆಗಳನ್ನೇ ಬರೆದರು. ಅವರ ಹೆಸರು ಎಲ್ಲೂ ಅಚ್ಚಾಗಲಿಲ್ಲ. ಕಾಮಿಕ್ಸ್ ಲೇಖಕರಿಗೆ ಕೊಡುವ ಬಿಲ್ ಫಿಂಗರ್ ಪ್ರಶಸ್ತಿ ಸಿಕ್ಕಿದ್ದು 2018ರಲ್ಲಿ. ಹೆಣ್ಣಿನ ಬಲವನ್ನು ಸಾರಿದ ಕಾಮಿಕ್ಸು ತನ್ನನ್ನು ಬರೆದ ಹೆಣ್ಣನ್ನೇ ಮರೆಮಾಡಿತು. ಇದು ನಮಗೆ ನೋವಿನ ವಿಷಯ, ಹಾಗಾಗಿ ‘ಅಚ್ಚಾದ ಹೆಸರು’ ಬೇರೆ, ‘ಬರೆದವರು’ ಬೇರೆ. ಖಚಿತವಿಲ್ಲದ ಕಥೆಗೆ ಊಹೆಯ ಹೆಸರು ಹಾಕದೆ ಖಾಲಿ ಬಿಡುವುದು ನಿಯಮ.

ಬರೆಯುವ ಕೈ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ 1942ರ ‘ಆಲ್ ಸ್ಟಾರ್’ ಸಾಕು. ಅಲ್ಲಿ ಬರೆಯುತ್ತಿದ್ದವರು ಗಾರ್ಡ್ನರ್ ಫಾಕ್ಸ್. ಜಸ್ಟಿಸ್ ಸೊಸೈಟಿ ಎಂಬ ಸೂಪರ್‌ಹೀರೋಗಳ ತಂಡಕ್ಕೆ ಅವಳು ಕಾರ್ಯದರ್ಶಿ. ಗಂಡಸರು ಯುದ್ಧಕ್ಕೆ ಹೊರಟರೆ ಅವಳು ಬೀಳ್ಕೊಟ್ಟು ಹಿಂದೆ ಉಳಿಯುತ್ತಾಳೆ. ಮರುವರ್ಷ ಅವಳದೇ ಪತ್ರಿಕೆಯ 7ನೇ ಸಂಚಿಕೆಯ ಮುಖಪುಟದಲ್ಲಿ ಅವಳು ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ಹಾಗೆಂದು ಹಿಗ್ಗುವ ಮೊದಲು ಮುಖಪುಟವನ್ನು ಪೂರ್ತಿ ಓದಬೇಕು: ಅದು 1000 ವರ್ಷ ಮುಂದಿನ ಮಾತು.

ಹೋಲಿಕೆಗೆ ಅದೇ ಕಾಲದ ‘ಮಿಸ್ ಫ್ಯೂರಿ’ ಎಂಬ ಚಿತ್ರಕಥೆಯನ್ನೂ ಬೇರೆ ಹಾಳೆಯಲ್ಲಿ ಶುರುಮಾಡಿದ್ದೇವೆ. ಬರೆದು ಚಿತ್ರಿಸಿದ್ದು ಟಾರ್ಪೆ ಮಿಲ್ಸ್ ಎಂಬ ಹೆಂಗಸೇ. ಜೂನ್ ಎಂಬ ಮೊದಲ ಹೆಸರನ್ನು ಬಿಟ್ಟದ್ದು ಹೆಣ್ಣೆಂದು ಗೊತ್ತಾಗದಿರಲಿ ಎಂದು. 1941ರ ಏಪ್ರಿಲ್ 6ರಿಂದ ಭಾನುವಾರದ ಪತ್ರಿಕೆಗಳಲ್ಲಿ ಬಂದ ಧಾರಾವಾಹಿ, ಆದ್ದರಿಂದ ಇಲ್ಲಿ ಸಾಲಿಗೆ ಒಂದು ವಾರದ ಪುಟ.

ಸ್ಕ್ಯಾನ್ ಮಾಡುವವರಿಗೆ ಒಂದು ಮಾತು. 300 ಡಿಪಿಐನಲ್ಲಿ ಹಿಡಿದರೆ ಅಚ್ಚಿನ ಬಣ್ಣದ ಚುಕ್ಕಿಗಳು ಅಲೆಅಲೆಯಾಗಿ ಕಾಣುತ್ತವೆ. 600ರಲ್ಲಿ ಹಿಡಿದು ಆಮೇಲೆ ಅರ್ಧಕ್ಕೆ ಇಳಿಸಿ. ಹಳದಿಗಟ್ಟಿದ ಕಾಗದವನ್ನು ಅಚ್ಚಬಿಳಿ ಮಾಡಲು ಹೋಗಬೇಡಿ. ಚರ್ಮದ ತೆಳು ಗುಲಾಬಿ ಬಣ್ಣವೂ ಅದರೊಂದಿಗೆ ಅಳಿಸಿಹೋಗುತ್ತದೆ.

ಮುಂದಿನದು 1947ರ ಗೆರೆ. ಆ ವರ್ಷದ ಮೇನಲ್ಲಿ ಮಾರ್ಸ್ಟನ್ ತೀರಿಕೊಂಡರು, ಹಮ್ಮೆಲ್ ಕೂಡ ಬಿಟ್ಟರು, ರಾಬರ್ಟ್ ಕ್ಯಾನಿಗರ್ ಬಂದರು. ಬರೆದಿಟ್ಟ ಕಥೆಗಳು ಆಮೇಲೂ ಅಚ್ಚಾದವು, ಚಿತ್ರ ಪೀಟರ್‌ರದೇ ಇತ್ತು, ಅದಕ್ಕೇ ಮೇಲ್ನೋಟಕ್ಕೆ ಬದಲಾವಣೆ ಕಾಣದು. ಕಥೆಯ ಜೊತೆ ಪತ್ರಿಕೆಯ ಉಳಿದ ಪುಟಗಳನ್ನೂ ಇಲ್ಲಿಂದ ದಾಖಲಿಸುತ್ತೇವೆ. ‘ವಂಡರ್ ವುಮನ್’ ಪತ್ರಿಕೆಯ 1942ರ ಮೊದಲ ಸಂಚಿಕೆಯಲ್ಲಿ ಟೆನಿಸ್ ಆಟಗಾರ್ತಿ ಆಲಿಸ್ ಮಾರ್ಬಲ್ ಸಂಪಾದಕಿಯಾಗಿದ್ದ ‘ಇತಿಹಾಸದ ವಂಡರ್ ವುಮನ್‌ಗಳು’ ಮಾಲೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್‌ಗೆ 4 ಪುಟ ಇತ್ತು. ಮುಂದೆ ಆ ಜಾಗಕ್ಕೆ ಮದುವೆಯ ಪದ್ಧತಿಗಳ ಪುಟ ಬಂತು. 1949ರ ‘ಸೆನ್ಸೇಷನ್’ 94ರ ಮುಖಪುಟದಲ್ಲಿ ಅವಳ ಪ್ರಿಯಕರ ಸ್ಟೀವ್ ಟ್ರೆವರ್ ಅವಳನ್ನು ತೋಳಲ್ಲಿ ಎತ್ತಿಕೊಂಡು ತೊರೆ ದಾಟಿಸುತ್ತಿದ್ದಾನೆ.